ಬಿಳಿ ಕುದುರೆಯವನನ್ನು ಕೇಳಿ: ಐರ್ಲೆಂಡಿನ ಹಳ್ಳಿಮದ್ದಿನ ಒಳಲೆಕ್ಕ

ಮಗುವಿಗೆ ನಾಯಿಕೆಮ್ಮು. ರಾತ್ರಿಯಿಡೀ ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟುತ್ತದೆ, ಉಸಿರು ಎಳೆದುಕೊಳ್ಳುವಾಗ ಊಳಿಟ್ಟ ಹಾಗೆ ಸದ್ದು. ಡಾಕ್ಟರು ಎಷ್ಟೋ ಮೈಲಿ ದೂರ. ತಾಯಿ ಬೆಳಿಗ್ಗೆ ಎದ್ದು ರಸ್ತೆಗೆ ಬಂದು ಕಾಯುತ್ತಾಳೆ, ಬಿಳಿ ಕುದುರೆಯ ಮೇಲೆ ಯಾರಾದರೂ ಬರುತ್ತಾರಾ ಅಂತ. ಬಿಳಿಯದು ಸಿಗದಿದ್ದರೆ ಕಪ್ಪುಬಿಳಿ ಮಚ್ಚೆಯದಾದರೂ ಆದೀತು. ಬಂದವನು ವ್ಯಾಪಾರಿಯೋ, ರೈತನೋ, ಸಂತೆಯಲ್ಲಿ ಕುಡಿದು ಮನೆಗೆ ಹೊರಟವನೋ, ಅದು ಮುಖ್ಯವಲ್ಲ. ಅವನನ್ನು ನಿಲ್ಲಿಸಿ "ನಾಯಿಕೆಮ್ಮಿಗೆ ಏನು ಮದ್ದಪ್ಪಾ?" ಅಂತ ಕೇಳಬೇಕು. ಅವನ ಬಾಯಿಂದ ಬಂದದ್ದೇ ಮದ್ದು. ಮೇಕೆ ಹಾಲು ಅಂದರೆ ಮೇಕೆ ಹಾಲು, ಜೇನು ಅಂದರೆ ಜೇನು.

ಇದು ನೂರು ವರ್ಷದ ಹಿಂದಿನ ಐರ್ಲೆಂಡಿನ ಹಳ್ಳಿಯ ಚಿತ್ರ. ಇಂಥದ್ದನ್ನು ಓದಿದ ಕೂಡಲೇ ಎರಡು ಥರದ ಜನ ಎದ್ದು ನಿಲ್ಲುತ್ತಾರೆ. ಒಬ್ಬರು "ಎಂಥ ಮೂಢರಪ್ಪಾ" ಅಂತ ನಗುತ್ತಾರೆ. ಇನ್ನೊಬ್ಬರು "ಹಿರಿಯರು ಸುಮ್ನೆ ಹೇಳಿರಲ್ಲ, ಇದರಲ್ಲೂ ಏನೋ ವಿಜ್ಞಾನ ಇದ್ದೇ ಇರುತ್ತೆ" ಅನ್ನುತ್ತಾರೆ. ನನಗನ್ನಿಸುವುದು, ಇಬ್ಬರೂ ಮಾಡುವ ತಪ್ಪು ಒಂದೇ. ಹಳ್ಳಿಮದ್ದು ಅನ್ನುವುದನ್ನು ಒಂದೇ ಮೂಟೆ ಅಂದುಕೊಂಡು, ಮೂಟೆಯನ್ನೇ ತೂಗಲು ಹೊರಡುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ಬೇರೆ ಬೇರೆ ಸರಕು ಇದೆ. ಸೊಪ್ಪು ಬೇರುಗಳದ್ದು ಒಂದು, ಮನುಷ್ಯರ ಕೈಗುಣದ್ದು ಇನ್ನೊಂದು, ಕಾಯಿಲೆಯನ್ನು ಬೇರೆಯವರ ಹೆಗಲಿಗೆ ದಾಟಿಸುವುದು ಮತ್ತೊಂದು, ಜಾಗದ ಮಹಿಮೆ ಮಗದೊಂದು. ಒಂದೊಂದು ಕೆಲಸ ಮಾಡುವ, ಅಥವಾ ಕೆಲಸ ಮಾಡಿದ ಹಾಗೆ ಕಾಣುವ, ರೀತಿಯೇ ಬೇರೆ.

ಇದೆಲ್ಲ ನಮಗೆ ಇಷ್ಟು ವಿವರವಾಗಿ ಗೊತ್ತಾದದ್ದು ಹೇಗೆ ಅನ್ನುವುದೇ ಒಂದು ಚಂದದ ಕಥೆ. 1935ರಲ್ಲಿ ಐರ್ಲೆಂಡ್ ಸರ್ಕಾರ ಜಾನಪದ ಸಂಗ್ರಹಿಸಲು ಒಂದು ಆಯೋಗ ಮಾಡಿತು. ದೊಡ್ಡ ದೊಡ್ಡ ಪಂಡಿತರನ್ನು ಊರೂರಿಗೆ ಕಳಿಸುವಷ್ಟು ಹಣ ಇರಲಿಲ್ಲ. ಅದಕ್ಕೆ 1937ರಿಂದ 1939ರವರೆಗೆ ಪ್ರಾಥಮಿಕ ಶಾಲೆಯ ದೊಡ್ಡ ತರಗತಿಯ ಮಕ್ಕಳ ಕೈಗೇ ಪೆನ್ನು ಕೊಟ್ಟರು. ಮನೆಗೆ ಹೋಗಿ, ಅಜ್ಜ ಅಜ್ಜಿಯನ್ನು ಕೇಳಿ, ಬರೆದುಕೊಂಡು ಬನ್ನಿ. ಸುಮಾರು 5,000 ಶಾಲೆಗಳ ಮಕ್ಕಳು ಬರೆದರು. ಭೂತದ ಕಥೆ, ಒಗಟು, ಹವಾಮಾನದ ಗಾದೆ, ಹಳೆ ಮನೆಗಳ ವರ್ಣನೆ, ಇವುಗಳ ಜೊತೆ ಹಳೆಯ ಮದ್ದುಗಳದ್ದೂ ಒಂದು ವಿಷಯವಾಗಿತ್ತು. ಆ ನೋಟ್‌ಬುಕ್‌ಗಳು ಈಗ ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿವೆ, ಅಂತರ್ಜಾಲದಲ್ಲೂ ಬಿಟ್ಟಿಯಾಗಿ ಓದಬಹುದು. ಮಕ್ಕಳ ಬರಹ ಆದ್ದರಿಂದ ಮುಚ್ಚುಮರೆ ಇಲ್ಲ. "ಹಲ್ಲುನೋವಿಗೆ ಜೀವಂತ ಕಪ್ಪೆಯನ್ನು ಬಾಯಲ್ಲಿಟ್ಟುಕೊಳ್ಳಬೇಕು" ಅನ್ನುವುದನ್ನು, ದನಕ್ಕೆ ನೀರು ಕುಡಿಸಬೇಕು ಅಂದಷ್ಟೇ ಸಲೀಸಾಗಿ, ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ಒಂದು ಕೊರತೆ ಇದೆ. ಉತ್ತರದ ಆರು ಕೌಂಟಿಗಳು ಬ್ರಿಟನ್ನಿನ ಕೈಯಲ್ಲೇ ಉಳಿದಿದ್ದರಿಂದ ಅಲ್ಲಿನ ಶಾಲೆಗಳು ಇದರಲ್ಲಿ ಸೇರಲಿಲ್ಲ.

ಮೊದಲು ಸೊಪ್ಪು ಬೇರಿನ ಮದ್ದು ನೋಡೋಣ, ಅದು ಸುಲಭ.

ಮೇ ತಿಂಗಳಲ್ಲಿ ಮೂರು ಸಲ ತುರಿಕೆ ಗಿಡದ ಎಳೆ ಸೊಪ್ಪು ಬೇಯಿಸಿ ತಿಂದರೆ ವರ್ಷವಿಡೀ ಕಾಯಿಲೆ ಬರುವುದಿಲ್ಲ ಅನ್ನುವುದು ಹೆಚ್ಚುಕಡಿಮೆ ಐರ್ಲೆಂಡಿನ ಎಲ್ಲ ಕಡೆಯೂ ಇದ್ದ ಮಾತು. ವರ್ಷವಿಡೀ ಅನ್ನುವುದನ್ನು ಬಿಡಿ. ಆದರೆ ಇಡೀ ಚಳಿಗಾಲ ಗೋಣಿಯಲ್ಲಿಟ್ಟ ಹಳೆ ಆಲೂಗಡ್ಡೆ ತಿಂದ ಹೊಟ್ಟೆಗೆ ವಸಂತದಲ್ಲಿ ಮೊದಲು ಚಿಗುರುವ ಹಸಿರು ಸೊಪ್ಪು ಬಿದ್ದರೆ ಒಳ್ಳೆಯದೇ ಆಗುತ್ತದೆ, ಅದಕ್ಕೆ ಪವಾಡ ಬೇಡ. ಬೆಂದ ಮೇಲೆ ಅದು ತುರಿಸುವುದೂ ಇಲ್ಲ. ಎದೆ ಕಟ್ಟಿದರೆ, ಕೆಮ್ಮು ಬಂದರೆ ಕ್ಯಾರಗೀನ್ ಅನ್ನುವ ಕಡಲ ಪಾಚಿಯನ್ನು ಹಾಲಲ್ಲಿ ಕುದಿಸಿ ಕುಡಿಯುತ್ತಿದ್ದರು. ಪಶ್ಚಿಮದ ಕರಾವಳಿಯ ಬಂಡೆಗಳ ಮೇಲೆ ಬೆಳೆಯುವ ಕೆಂಪು ಪಾಚಿ ಅದು. ಕುದಿಸಿದರೆ ಲೋಳೆ ಬಿಡುತ್ತದೆ, ಆ ಲೋಳೆ ಕೆರೆಯುವ ಗಂಟಲಿಗೆ ಹಿತ. ಇವತ್ತು ಐಸ್‌ಕ್ರೀಂ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಕ್ಯಾರಗೀನನ್ ಅಂತ ಬರೆದಿರುತ್ತದಲ್ಲ, ಅದು ಇದೇ ಜಾತಿಯ ಪಾಚಿಗಳಿಂದ ತೆಗೆದ ಅಂಟು. ಎದೆಗೆ ಬಾತಿನ ಕೊಬ್ಬು ತಿಕ್ಕಿ ಕೆಂಪು ಫ್ಲಾನಲ್ ಬಟ್ಟೆ ಸುತ್ತುವುದೂ ಇತ್ತು. ಬೆಚ್ಚಗಿರುತ್ತದೆ, ಅಷ್ಟೇ. ಕೆಂಪೇ ಯಾಕೆ ಅಂದರೆ, ಕೆಂಪು ಅನ್ನುವುದು ಕೆಟ್ಟದ್ದನ್ನು ದೂರ ಇಡುವ ಬಣ್ಣ ಅಂತ ನಂಬಿಕೆ.

ಕೀಲುನೋವು, ಜ್ವರಕ್ಕೆ ವಿಲೋ ಮರದ ತೊಗಟೆ, ಮೆಡೋಸ್ವೀಟ್ ಅನ್ನುವ ಬಿಳಿ ಹೂವಿನ ಗಿಡ. ಇಲ್ಲಿ ಮಾತ್ರ ನಗುವವರು ಸ್ವಲ್ಪ ಸುಮ್ಮನಿರಬೇಕು. ಎರಡರಲ್ಲೂ ಸ್ಯಾಲಿಸಿಲಿಕ್ ಆಮ್ಲದ ಬಳಗದ ವಸ್ತುಗಳಿವೆ. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಪ್ರಯೋಗಾಲಯದಲ್ಲಿ ಆ ಆಮ್ಲವನ್ನು ಹೊಟ್ಟೆ ಸ್ವಲ್ಪ ತಡೆದುಕೊಳ್ಳುವ ಹಾಗೆ ಬದಲಾಯಿಸಿ ತಯಾರಿಸಿದ್ದೇ ಆಸ್ಪಿರಿನ್. ಆ ಹೆಸರಿನ ನಡುವಿನ "ಸ್ಪಿರ್" ಬಂದದ್ದೂ ಮೆಡೋಸ್ವೀಟ್ ಗಿಡದ ಹಳೆಯ ಲ್ಯಾಟಿನ್ ಹೆಸರು ಸ್ಪಿರೇಯಾದಿಂದ. ಹಾಗಂತ ಕಷಾಯ ಕುಡಿದವರೆಲ್ಲ ಆಸ್ಪಿರಿನ್ ನುಂಗಿದ ಹಾಗೆ ಅಲ್ಲ. ಒಂದು ಗಿಡದಲ್ಲಿ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ, ಯಾವ ತಿಂಗಳು ಕಿತ್ತದ್ದು, ಯಾರಿಗೆ ಗೊತ್ತು? ಮಾತ್ರೆ ಅನ್ನುವುದು ಮುಖ್ಯವಾಗಿ ಅಳತೆ.

ಗಾಯಕ್ಕೆ ಜೇಡರ ಬಲೆ ಇಟ್ಟು ಒತ್ತುವುದು, ಉಬ್ಬಿದ ಪಫ್‌ಬಾಲ್ ಅಣಬೆಯ ಪುಡಿ ಉದುರಿಸುವುದು, ಜವುಗು ನೆಲದಲ್ಲಿ ಬೆಳೆಯುವ ಸ್ಫ್ಯಾಗ್ನಮ್ ಪಾಚಿ ಕಟ್ಟುವುದು ಇವೆಲ್ಲ ರಕ್ತ ನಿಲ್ಲಿಸುವ ಉಪಾಯಗಳು. ಸ್ಫ್ಯಾಗ್ನಮ್ ಮಾತ್ರ ನಿಜಕ್ಕೂ ಜಾಣ ವಸ್ತು. ಒಣಗಿಸಿದರೆ ತನ್ನ ತೂಕದ ಹತ್ತಾರು ಪಟ್ಟು ನೀರು ಹೀರುತ್ತದೆ, ಮೇಲೆ ಸ್ವಲ್ಪ ಹುಳಿ ಗುಣ ಇರುವುದರಿಂದ ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಅದು ಒಗ್ಗುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಹತ್ತಿಗೆ ಕೊರತೆ ಬಂದಾಗ ಐರ್ಲೆಂಡಿನ ಜವುಗು ನೆಲದಿಂದ ಇದನ್ನು ಚೀಲಗಟ್ಟಲೆ ಕಿತ್ತು, ಡಬ್ಲಿನ್‌ನಲ್ಲಿ ಚೊಕ್ಕ ಮಾಡಿ, ಗಾಯಗೊಂಡ ಸೈನಿಕರಿಗೆ ಪಟ್ಟಿ ಮಾಡಿ ಕಳಿಸಿದರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಗಿಡದ ಹೆಸರನ್ನೂ ಹೇಳಲೇಬೇಕು. ಐರಿಷ್ ಭಾಷೆಯಲ್ಲಿ ಲುಸ್ ಮೋರ್, ಅಂದರೆ ದೊಡ್ಡ ಮೂಲಿಕೆ. ಇಂಗ್ಲಿಷಿನಲ್ಲಿ ಫಾಕ್ಸ್‌ಗ್ಲೋವ್. ನೇರಳೆ ಗಂಟೆಗಳನ್ನು ಸಾಲಾಗಿ ನೇತುಹಾಕಿದ ಹಾಗೆ ಹೂ ಬಿಡುತ್ತದೆ. ಇದರಿಂದಲೇ ಹೃದಯದ ಔಷಧಿ ಡಿಜಿಟಾಲಿಸ್ ಬಂತು, 1785ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಅನ್ನುವ ವೈದ್ಯ ಅದರ ಬಗ್ಗೆ ಬರೆದ. ಆದರೆ ಮದ್ದಾಗುವ ಅಳತೆಗೂ ಕೊಲ್ಲುವ ಅಳತೆಗೂ ನಡುವೆ ಅಂತರ ತೀರಾ ಕಡಿಮೆ. ಐರ್ಲೆಂಡಿನ ಹಳ್ಳಿಯಲ್ಲಿ ಇದನ್ನು ಯಕ್ಷಿಣಿಯರು ಬದಲಾಯಿಸಿಟ್ಟು ಹೋದ ಮಗು ಇದು ಅಂತ ಅನುಮಾನ ಬಂದ ಮಕ್ಕಳಿಗೂ ಕೊಟ್ಟದ್ದುಂಟು. ಏನಾಗಿರಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಉಳುಕಿಗೆ ಕಟ್ಟುವ ಕಾಂಫ್ರಿ ಬೇರೂ ಹೀಗೆಯೇ. ಚರ್ಮದ ಮೇಲೆ ಹಚ್ಚಿದರೆ ನೋವು ಸ್ವಲ್ಪ ಇಳಿಯುತ್ತದೆ, ಅದೇ ಬೇರನ್ನು ಟೀ ಮಾಡಿ ಕುಡಿದರೆ ಯಕೃತ್ತಿಗೆ ಪೆಟ್ಟು. "ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ" ಅನ್ನುವ ಮಾತು ಎಲ್ಲ ದೇಶದಲ್ಲೂ ಒಂದೇ ಥರ ಸುಳ್ಳು.

ಈಗ ಎರಡನೆಯ ಸರಕು. ನನಗೆ ಇದೇ ಹೆಚ್ಚು ಕುತೂಹಲ.

ಐರ್ಲೆಂಡಿನಲ್ಲಿ "ಅವರಿಗೆ ಕ್ಯೂರ್ ಇದೆ" ಅನ್ನುವ ಮಾತಿದೆ. ಕ್ಯೂರ್ ಗೊತ್ತಿದೆ ಅಂತಲ್ಲ, ಮಾಡುತ್ತಾರೆ ಅಂತಲೂ ಅಲ್ಲ, ಇದೆ ಅಂತ. ಮನೆಯಲ್ಲಿ ಹಸು ಇದ್ದ ಹಾಗೆ, ಹೆಸರಿಗೆ ಎರಡೆಕರೆ ಇದ್ದ ಹಾಗೆ. ಮತ್ತು ಒಬ್ಬರಿಗೆ ಸಾಮಾನ್ಯವಾಗಿ ಒಂದೇ ಕಾಯಿಲೆಯ ಕ್ಯೂರ್. ಹುಳುಕಡ್ಡಿ ವಾಸಿ ಮಾಡುವವನ ಹತ್ತಿರ ಸುಟ್ಟ ಗಾಯ ತೋರಿಸಿದರೆ "ಅದು ನನ್ನದಲ್ಲ, ಆ ಗುಡ್ಡದಾಚೆ ಮನೆಯವರದ್ದು" ಅಂತ ಕಳಿಸುತ್ತಾನೆ. ನಮ್ಮಲ್ಲಿ ಸರ್ಪಸುತ್ತಿಗೆ ಒಬ್ಬರು, ಕಾಮಾಲೆಗೆ ಇನ್ನೊಬ್ಬರು ಇರುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಈ ಕ್ಯೂರ್ ಬರುವ ದಾರಿಗಳು ಹಲವು. ಹುಟ್ಟಿನಿಂದ ಬರಬಹುದು. ನಡುವೆ ಹೆಣ್ಣು ಹುಟ್ಟದೆ ಸಾಲಾಗಿ ಹುಟ್ಟಿದ ಏಳನೆಯ ಗಂಡುಮಗನಿಗೆ ಹುಳುಕಡ್ಡಿ ವಾಸಿ ಮಾಡುವ ಕೈ. ಅವನ ಅಪ್ಪನೂ ಏಳನೆಯವನಾಗಿದ್ದರೆ ಕೇಳುವುದೇ ಬೇಡ. ಮಗುವಾಗಿದ್ದಾಗ ಅಂಗೈಯಲ್ಲಿ ಎರೆಹುಳು ಇಟ್ಟು ನೋಡುತ್ತಾರೆ, ಹುಳು ಸತ್ತರೆ ಕೈಯಲ್ಲಿ ಗುಣ ಇದೆ ಅಂತ. ಹುಟ್ಟುವ ಮೊದಲೇ ಅಪ್ಪ ತೀರಿಹೋಗಿ, ಅಪ್ಪನ ಮುಖ ನೋಡದ ಮಗು ಇದ್ದರೆ, ಬಾಯಲ್ಲಿ ಬಿಳಿ ಅಗ್ರ ಎದ್ದ ಕೂಸುಗಳ ಬಾಯಿಗೆ ಅದು ಉಸಿರು ಊದಿದರೆ ವಾಸಿ. ಮದುವೆಯಿಂದಲೂ ಬರುತ್ತದೆ. ಮದುವೆಗೆ ಮುಂಚೆ ಇದ್ದ ಮನೆತನದ ಹೆಸರೂ ಗಂಡನ ಮನೆತನದ ಹೆಸರೂ ಒಂದೇ ಆಗಿರುವ ಹೆಂಗಸಿನ ಕೈಯ ಬ್ರೆಡ್ ತಿನ್ನಿಸಿದರೆ ನಾಯಿಕೆಮ್ಮು ಹೋಗುತ್ತದೆ. ರಕ್ತದಿಂದ ಬರುತ್ತದೆ, ಇದು ಅಕ್ಷರಶಃ. ಸರ್ಪಸುತ್ತಿಗೆ ಕ್ಯೋ ಅನ್ನುವ ಮನೆತನದವರ ರಕ್ತ ಹಚ್ಚುತ್ತಿದ್ದರು. ಪಾಪ, ಆ ಹೆಸರಿಟ್ಟುಕೊಂಡು ಹುಟ್ಟಿದ್ದಕ್ಕೆ ಎಷ್ಟು ಸಲ ಬೆರಳು ಚುಚ್ಚಿಸಿಕೊಂಡರೋ. ಏನಾದರೂ ಮಾಡಿ ಸಂಪಾದಿಸಲೂಬಹುದು. ಕೊಳಗಳಲ್ಲಿರುವ, ಹಲ್ಲಿಯ ಹಾಗೆ ಕಾಣುವ ನ್ಯೂಟ್ ಅನ್ನುವ ಪುಟ್ಟ ಪ್ರಾಣಿಯ ಹೊಟ್ಟೆಯನ್ನು ನೆಕ್ಕಿದವರ ನಾಲಿಗೆಗೆ ಸುಟ್ಟ ಗಾಯ ವಾಸಿ ಮಾಡುವ ಶಕ್ತಿ. (ಅದೇ ಪ್ರಾಣಿ, ಹೊಳೆ ದಂಡೆಯಲ್ಲಿ ಬಾಯಿ ತೆರೆದು ಮಲಗಿದರೆ ಹೊಟ್ಟೆಯೊಳಗೆ ಹೋಗಿ ಕೂತು ತಿಂದದ್ದನ್ನೆಲ್ಲ ತಾನೇ ತಿನ್ನುತ್ತದೆ ಅಂತಲೂ ನಂಬಿದ್ದರು. ಹೊರಗೆ ತರಿಸಲು ಉಪ್ಪು ಹಾಕಿದ ಮಾಂಸವನ್ನು ಹೊಟ್ಟೆ ಬಿರಿಯೆ ತಿಂದು, ನೀರು ಕುಡಿಯದೆ, ಹರಿಯುವ ತೊರೆಯ ಮೇಲೆ ಬಾಯಿ ತೆರೆದು ಮಲಗಬೇಕು. ಬಾಯಾರಿಕೆ ತಾಳದೆ ಅದೇ ಎದ್ದು ಬರುತ್ತದಂತೆ.) ಇನ್ನು ಕೆಲವು ಕ್ಯೂರ್‌ಗಳು ಗುಟ್ಟಿನ ಪ್ರಾರ್ಥನೆಗಳು. ಅಪ್ಪನಿಂದ ಮಗಳಿಗೆ, ಅವಳಿಂದ ಅವಳ ಮಗನಿಗೆ, ಹೀಗೆ ಗಂಡು ಹೆಣ್ಣು ಅದಲುಬದಲಾಗಿ ದಾಟಬೇಕು ಅನ್ನುವ ಕಟ್ಟಳೆ ಕೆಲವು ಕಡೆ ಇದೆ.

ನಿಯಮಗಳಂತೂ ಕಟ್ಟುನಿಟ್ಟು. ಕ್ಯೂರ್ ಇದ್ದವರು ತಾವಾಗಿ "ಬಾ, ವಾಸಿ ಮಾಡ್ತೀನಿ" ಅನ್ನಬಾರದು, ಕೇಳಿಕೊಂಡು ಬರಬೇಕು. ದುಡ್ಡು ತೆಗೆದುಕೊಳ್ಳಬಾರದು. ಎಷ್ಟೋ ಕಡೆ ಬಂದವರು ಥ್ಯಾಂಕ್ಸ್ ಕೂಡ ಹೇಳಬಾರದು, ಹೇಳಿದರೆ ಮದ್ದು ಹತ್ತುವುದಿಲ್ಲ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮೂರು ಸಲ ಹೋಗಬೇಕು, ಅದೂ ಸೋಮವಾರ, ಗುರುವಾರ, ಮತ್ತೆ ಸೋಮವಾರ.

ಈ ನಿಯಮಗಳನ್ನು ಸ್ವಲ್ಪ ಯೋಚಿಸಿ ನೋಡಿ. ದುಡ್ಡಿಲ್ಲ ಅಂದ ಮೇಲೆ ಮೋಸಗಾರನಿಗೆ ಇದರಲ್ಲಿ ಆಸಕ್ತಿ ಇರುವುದಿಲ್ಲ, ಬಡವರೂ ಹಿಂಜರಿಯದೆ ಬರುತ್ತಾರೆ. ಥ್ಯಾಂಕ್ಸ್ ಇಲ್ಲ ಅಂದರೆ ಋಣದ ಲೆಕ್ಕವೂ ಅಲ್ಲಿಗೇ ನಿಲ್ಲುವುದಿಲ್ಲ, ಮುಂದೊಂದು ದಿನ ಮೊಟ್ಟೆಯೋ, ಒಂದು ಗಾಡಿ ಒಲೆ ಮಣ್ಣೋ ಆಗಿ ಬರುತ್ತದೆ. (ಅಲ್ಲಿ ಜವುಗಿನಿಂದ ಕಡಿದು ಒಣಗಿಸಿದ ಪೀಟ್ ಅನ್ನುವ ಮಣ್ಣೇ ಒಲೆಗೆ ಸೌದೆ.) ಮೂರು ಸಲ ಬಾ ಅಂದರೆ ಕಾಯಿಲೆಗೆ ತಾನಾಗಿ ಇಳಿಯಲು ಏಳೆಂಟು ದಿನ ಸಿಕ್ಕ ಹಾಗಾಯಿತು. ಯಾರೂ ಕೂತು ಲೆಕ್ಕ ಹಾಕಿ ಮಾಡಿದ ನಿಯಮ ಅಲ್ಲ ಇದು. ಆದರೆ ಹೀಗಿದ್ದ ಪದ್ಧತಿಯೇ ಬಾಳಿ ಉಳಿದದ್ದು ಆಶ್ಚರ್ಯವಲ್ಲ.

ಮೂರನೆಯದು ದಾಟಿಸುವ ಮದ್ದು. ಕಾಯಿಲೆಯನ್ನು ಕೊಲ್ಲುವುದಲ್ಲ, ಸಾಗಹಾಕುವುದು. ಮಂಗನಬಾವು ಬಂದ ಹುಡುಗನ ತಲೆಗೆ ಕತ್ತೆಯ ಕಡಿವಾಣ ಹಾಕಿ, ಹಂದಿಗೂಡಿಗೆ ಎಳೆದುಕೊಂಡು ಹೋಗಿ, ಕೆನ್ನೆಯನ್ನು ಹಂದಿಯ ಬೆನ್ನಿಗೆ ಉಜ್ಜಿಸಿ "ಹಂದೀ ಹಂದೀ, ಈ ಬಾವು ನಿನಗಿರಲಿ" ಅನ್ನುವ ಅರ್ಥದ ಮಾತು ಹೇಳಿಸುತ್ತಿದ್ದರು. ನಾಯಿಕೆಮ್ಮಿನ ಮಗುವನ್ನು ಕತ್ತೆಯ ಹೊಟ್ಟೆಯಡಿ ಈ ಕಡೆಯಿಂದ ಆ ಕಡೆಗೆ ಮೂರು ಸಲ ದಾಟಿಸುತ್ತಿದ್ದರು. ಕತ್ತೆಯೇ ಯಾಕೆ ಅಂದರೆ ಅದರ ಬೆನ್ನ ಮೇಲೆ ಕಪ್ಪು ಶಿಲುಬೆಯಂಥ ಗೆರೆ ಇದೆ, ಯೇಸುವನ್ನು ಹೊತ್ತ ಪ್ರಾಣಿ ಅದು. ಕಣ್ಣಕುಟಿಗೆ ಎದ್ದರೆ ಗೂಸ್‌ಬೆರಿ ಗಿಡದ ಹತ್ತು ಮುಳ್ಳು ತಂದು, ಒಂಬತ್ತನ್ನು ಒಂದೊಂದಾಗಿ ಕಣ್ಣಿನ ಕಡೆ ತೋರಿಸಿ, ಹತ್ತನೆಯದನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು. ಚುಚ್ಚಬೇಕಿಲ್ಲ, ತೋರಿಸಿದರೆ ಸಾಕು, ಪುಣ್ಯ.

ನರೂಲಿಗೆ ಇರುವಷ್ಟು ಮದ್ದು ಬೇರೆ ಯಾವುದಕ್ಕೂ ಇಲ್ಲ. ಬಸವನಹುಳುವನ್ನು ಉಜ್ಜಿ ಮುಳ್ಳಿಗೆ ಚುಚ್ಚಿಡಿ, ಅದು ಒಣಗಿದ ಹಾಗೆ ನರೂಲಿಯೂ ಒಣಗುತ್ತದೆ. ಹಸಿ ಹಂದಿಮಾಂಸ ಉಜ್ಜಿ ಹೂತುಬಿಡಿ, ಅದು ಕೊಳೆತ ಹಾಗೆ ಇದೂ ಹೋಗುತ್ತದೆ. ಡ್ಯಾಂಡೆಲಿಯನ್ ಹಾಲು ಹಚ್ಚಿ. ಹಳೆಯ ಚರ್ಚಿನ ಹತ್ತಿರ ಕಲ್ಲಿನ ಗುಳಿಯಲ್ಲಿ ನಿಂತ ಮಳೆನೀರಲ್ಲಿ ಅದ್ದಿ, ಆದರೆ ಆ ಕಲ್ಲನ್ನು ಹುಡುಕಿಕೊಂಡು ಹೋಗಬಾರದು, ಅಕಸ್ಮಾತ್ ಕಾಣಬೇಕು. ಎಲ್ಲಕ್ಕಿಂತ ಕಿಲಾಡಿ ಮದ್ದು ಇದು: ನರೂಲಿ ಎಷ್ಟಿವೆಯೋ ಅಷ್ಟು ಕಲ್ಲುಹರಳನ್ನು ಚಂದದ ಪೊಟ್ಟಣ ಕಟ್ಟಿ ನಾಲ್ಕು ದಾರಿ ಕೂಡುವಲ್ಲಿ ಬಿಟ್ಟು ಬನ್ನಿ. ಆಸೆಪಟ್ಟು ಎತ್ತಿಕೊಂಡವರಿಗೆ ನಿಮ್ಮ ನರೂಲಿ. ಮೂರುದಾರಿಯಲ್ಲಿ ಬಿದ್ದ ನಿಂಬೆಹಣ್ಣು ಕಂಡರೆ ಸುತ್ತು ಬಳಸಿ ಹೋಗುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ನರೂಲಿಗೇ ಯಾಕೆ ಇಷ್ಟು ಮದ್ದು? ಯಾಕೆಂದರೆ ಎಲ್ಲವೂ ಕೆಲಸ ಮಾಡುತ್ತವೆ! ನರೂಲಿ ಬರುವುದು ಒಂದು ವೈರಸ್‌ನಿಂದ. ಮೈಯ ರೋಗನಿರೋಧಕ ಶಕ್ತಿ ಆ ವೈರಸ್ಸನ್ನು ಗುರುತು ಹಿಡಿದ ದಿನ ಅದು ಉದುರುತ್ತದೆ. ಮಕ್ಕಳಲ್ಲಿ ಬಹುಪಾಲು ನರೂಲಿಗಳು ಒಂದೆರಡು ವರ್ಷದಲ್ಲಿ ಏನೂ ಮಾಡದೆಯೇ ಹೋಗುತ್ತವೆ. ಒಂದು ವರ್ಷ ಕಾದು, ಬೇಸತ್ತು, ಬಸವನಹುಳು ಉಜ್ಜಿದ ಮೇಲೆ ಹೋದರೆ ಹೆಸರು ಬಸವನಹುಳುವಿಗೆ. ಹೋಗದಿದ್ದರೆ ಮುಂದಿನ ಮದ್ದು. ಕೊನೆಗೆ ಯಾವುದೋ ಒಂದು ಮದ್ದಿನ ಸರದಿಯಲ್ಲಿ ಹೋಗಿಯೇ ಹೋಗುತ್ತದೆ, ಆ ಮದ್ದು ಆ ಮನೆಯ ಸೊತ್ತಾಗುತ್ತದೆ.

ಸರ್ಪಸುತ್ತಿನ ಲೆಕ್ಕವೂ ಹೀಗೆಯೇ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ನರದ ಬುಡದಲ್ಲಿ ಅಡಗಿ ಕೂತಿದ್ದು, ವಯಸ್ಸಾದ ಮೇಲೆ ಎದ್ದು ಬರುವುದು ಅದು. ಗುಳ್ಳೆಗಳು ಎರಡರಿಂದ ನಾಲ್ಕು ವಾರದಲ್ಲಿ ತಾವೇ ಒಣಗುತ್ತವೆ. ಹಾವಿನ ತಲೆಯೂ ಬಾಲವೂ ಕೂಡಿದರೆ ಜೀವ ಉಳಿಯುವುದಿಲ್ಲ ಅನ್ನುತ್ತೇವಲ್ಲ ನಾವು, ಐರ್ಲೆಂಡಿನಲ್ಲೂ ಸುತ್ತು ಪೂರ್ತಿಯಾದರೆ ಸಾವು ಅಂತಲೇ ನಂಬಿದ್ದರು. ಆದರೆ ಆ ಗುಳ್ಳೆಗಳು ಬೆನ್ನುಹುರಿಯಿಂದ ಒಂದು ಪಕ್ಕಕ್ಕೆ ಹೊರಟ ಒಂದೇ ನರದ ದಾರಿ ಹಿಡಿದು ಏಳುತ್ತವೆ, ಅದಕ್ಕೇ ಅರ್ಧ ಸುತ್ತಿಗೆ ನಿಲ್ಲುತ್ತವೆ. ತಲೆ ಬಾಲ ಕೂಡುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಹಾಗಾಗಿ ಮದ್ದು ಮಾಡಿದವರೆಲ್ಲ ರೋಗಿಯನ್ನು ಸಾವಿನಿಂದ ಉಳಿಸಿದ ಹಾಗೇ ಆಗುತ್ತದೆ! ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸರ್ಪಸುತ್ತಿಗೆ ಈಗ ವೈರಸ್ ತಡೆಯುವ ಮಾತ್ರೆ ಇದೆ, ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ. ಕಣ್ಣಿನ ಸುತ್ತ ಎದ್ದರಂತೂ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು, ದೃಷ್ಟಿಯೇ ಹೋಗಬಹುದು. ಸೋಮವಾರ, ಗುರುವಾರ, ಸೋಮವಾರ ಅಂತ ಕಾಯುವ ಕಾಯಿಲೆ ಅಲ್ಲ.

ನಾಲ್ಕನೆಯದು ಜಾಗ. ಐರ್ಲೆಂಡಿನಲ್ಲಿ ಪವಿತ್ರ ಬಾವಿಗಳು ಸುಮಾರು 3,000 ಇವೆ ಅಂತ ಲೆಕ್ಕ. ಬಾವಿ ಅಂದರೆ ಆಳದ್ದಲ್ಲ, ಕಲ್ಲು ಕಟ್ಟಿದ ಸಣ್ಣ ಒರತೆ. ಪ್ರತಿಯೊಂದಕ್ಕೂ ಒಬ್ಬ ಸಂತ, ಒಂದು ಹಬ್ಬದ ದಿನ. ಎಷ್ಟೋ ಬಾವಿಗಳ ಹೆಸರೇ ತೊಬರ್ ನಾ ಸೂಲ್, ಕಣ್ಣಿನ ಬಾವಿ, ಅಲ್ಲಿ ಕಣ್ಣುನೋವಿನವರು ಹೋಗುತ್ತಾರೆ. ಸೂರ್ಯ ಹೋಗುವ ದಿಕ್ಕಿಗೇ ಪ್ರದಕ್ಷಿಣೆ ಹಾಕಬೇಕು, ಪ್ರಾರ್ಥನೆ ಹೇಳಬೇಕು, ಬಟ್ಟೆಯ ಚೂರನ್ನು ನೀರಲ್ಲಿ ಅದ್ದಿ ನೋವಿಗೆ ಒತ್ತಿ ಪಕ್ಕದ ಮರಕ್ಕೆ ಕಟ್ಟಬೇಕು. ಚೂರು ಲಡ್ಡಾದ ಹಾಗೆ ನೋವೂ ಲಡ್ಡು. (ಈಗ ಜನ ಪಾಲಿಯೆಸ್ಟರ್ ಕಟ್ಟುತ್ತಾರೆ. ಅದು ಯಾವ ಕಾಲಕ್ಕೆ ಲಡ್ಡಾಗಬೇಕು?) ಫೆಬ್ರುವರಿ 1 ಸಂತ ಬ್ರಿಜಿಡ್‌ಳ ಹಬ್ಬ. ಹಿಂದಿನ ರಾತ್ರಿ ಒಂದು ಬಟ್ಟೆ ಹೊರಗಿಟ್ಟರೆ ಆಕೆ ಹೋಗುವಾಗ ಮುಟ್ಟಿ ಹೋಗುತ್ತಾಳೆ, ಆ ಬಟ್ಟೆಯನ್ನು ತಲೆಗೆ ಕಟ್ಟಿದರೆ ವರ್ಷವಿಡೀ ತಲೆನೋವಿಗೆ ಮದ್ದು. ಇವತ್ತಿಗೂ ಇಡುವವರಿದ್ದಾರೆ.

ಜಾಗದ ಮದ್ದುಗಳಲ್ಲಿ ಈಚೆಗೆ ಸುದ್ದಿಯಾದದ್ದು ಒಂದು ಮಣ್ಣು. ಉತ್ತರದ ಫರ್ಮಾನಾ ಕೌಂಟಿಯಲ್ಲಿ ಬೋಹೋ ಅನ್ನುವ ಹಳ್ಳಿ. ಅಲ್ಲಿ 1815ರಲ್ಲಿ ತೀರಿಕೊಂಡ ಜೇಮ್ಸ್ ಮೆಕ್‌ಗರ್ ಅನ್ನುವ ಪಾದ್ರಿ, ಬದುಕಿದ್ದಾಗ ನಾನು ವಾಸಿ ಮಾಡುತ್ತಿದ್ದುದನ್ನೆಲ್ಲ ಸತ್ತ ಮೇಲೆ ನನ್ನನ್ನು ಮುಚ್ಚಿದ ಮಣ್ಣು ವಾಸಿ ಮಾಡುತ್ತದೆ ಅಂತ ಹೇಳಿ ಹೋದನಂತೆ. ಅಂದಿನಿಂದ ಜನ ಸಮಾಧಿಯ ಮಣ್ಣನ್ನು ಒಂದು ಚಮಚದಷ್ಟು ಬಟ್ಟೆಯಲ್ಲಿ ಕಟ್ಟಿ, ದಿಂಬಿನ ಕೆಳಗಿಟ್ಟು ಮಲಗಿ, ನಾಲ್ಕು ದಿನದೊಳಗೆ ವಾಪಸು ತಂದು ಹಾಕುತ್ತಾರೆ. 2018ರಲ್ಲಿ ವೇಲ್ಸ್‌ನ ಸ್ವಾನ್‌ಸಿ ವಿಶ್ವವಿದ್ಯಾಲಯದ ತಂಡವೊಂದು ಅಲ್ಲಿನ ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿಸ್ ಕುಲದ ಹೊಸ ಬ್ಯಾಕ್ಟೀರಿಯಾ ಸಿಕ್ಕಿದೆ, ಎಂಆರ್‌ಎಸ್‌ಎ ಸೇರಿದಂತೆ ಔಷಧಿಗೆ ಬಗ್ಗದ ಹಲವು ರೋಗಾಣುಗಳ ಬೆಳವಣಿಗೆಯನ್ನು ಪ್ರಯೋಗಾಲಯದಲ್ಲಿ ಅದು ತಡೆಯಿತು ಅಂತ ಪ್ರಕಟಿಸಿತು. "ಸಮಾಧಿ ಮಣ್ಣಿನಲ್ಲಿ ಮದ್ದು, ವಿಜ್ಞಾನವೂ ಒಪ್ಪಿತು" ಅಂತ ಪತ್ರಿಕೆಗಳು ಬರೆದವು. ಸ್ವಲ್ಪ ನಿಲ್ಲಿ. ಸ್ಟ್ರೆಪ್ಟೊಮೈಸಿಸ್ ಕುಲ ಜಗತ್ತಿನ ಮಣ್ಣಿನಲ್ಲೆಲ್ಲ ಇದೆ, ಸ್ಟ್ರೆಪ್ಟೊಮೈಸಿನ್‌ನಂಥ ಎಷ್ಟೋ ಆ್ಯಂಟಿಬಯಾಟಿಕ್‌ಗಳು ಬಂದದ್ದೇ ಅದರಿಂದ. ಬೋಹೋದ್ದು ಹೊಸ ತಳಿ, ಕುತೂಹಲದ ತಳಿ, ಸರಿ. ಆದರೆ ದಿಂಬಿನ ಕೆಳಗೆ ಬಟ್ಟೆಯಲ್ಲಿ ಕಟ್ಟಿಟ್ಟ ಮಣ್ಣಿನಿಂದ ಅದು ಮೈಯೊಳಗೆ ಹೋಗುವುದು ಹೇಗೆ? ಪ್ರಯೋಗಾಲಯದ ತಟ್ಟೆಯಲ್ಲಿ ಆದದ್ದು ಒಂದು, ಜನ ಮಾಡುತ್ತಿದ್ದದ್ದು ಇನ್ನೊಂದು. ಎರಡನ್ನೂ ಸೇರಿಸಿ ಹೊಲಿದವರು ಪತ್ರಿಕೆಯವರು.

ಇಷ್ಟೆಲ್ಲ ಮದ್ದು ಯಾಕೆ ಬೇಕಾಯಿತು ಅಂದರೆ, ಡಾಕ್ಟರು ಇರಲಿಲ್ಲ. ಒಂದು ಕಾಲದಲ್ಲಿ ಐರ್ಲೆಂಡಿನಲ್ಲಿ ವಂಶಪಾರಂಪರ್ಯ ವೈದ್ಯ ಮನೆತನಗಳಿದ್ದವು, ಅರಸರ ಆಶ್ರಯದಲ್ಲಿ ಲ್ಯಾಟಿನ್ ಗ್ರಂಥಗಳನ್ನು ಐರಿಷ್‌ಗೆ ಅನುವಾದಿಸಿಕೊಂಡು ಓದಿದವರು. ಹಿಕ್ಕಿ ಅನ್ನುವ ಮನೆತನದ ಹೆಸರಿನ ಅರ್ಥವೇ ವೈದ್ಯ. 17ನೆಯ ಶತಮಾನದಲ್ಲಿ ಇಂಗ್ಲಿಷರ ಕೈ ಮೇಲಾಗಿ ಐರಿಷ್ ಅರಸರು ಹೋದರು, ಅವರ ಹಿಂದೆ ಈ ವೈದ್ಯರೂ ಹೋದರು. 1845ರಿಂದ ಶುರುವಾದ ಆಲೂಗಡ್ಡೆ ಬರದಲ್ಲಿ ಹಸಿವಿಗಿಂತ ಜ್ವರಕ್ಕೆ ಸತ್ತವರೇ ಹೆಚ್ಚು. ಆಮೇಲೆ 1851ರ ಕಾಯ್ದೆಯಿಂದ ಬಡವರಿಗೆ ಬಿಟ್ಟಿ ಔಷಧಾಲಯಗಳು ಬಂದವು, ಆದರೆ ಒಬ್ಬ ವೈದ್ಯನ ಪಾಲಿಗೆ ದೊಡ್ಡ ಪ್ರದೇಶ, ದಾರಿ ಕೆಟ್ಟದ್ದು. ಪಶ್ಚಿಮದ ಕಡೆ ಜನ ಐರಿಷ್ ಆಡಿದರೆ ಅವನದು ಇಂಗ್ಲಿಷ್. ಮನೆ ಹತ್ತಿರ, ನಮ್ಮ ಭಾಷೆ ಆಡುವ, ದುಡ್ಡು ಕೇಳದ ಒಬ್ಬ ಮುದುಕಿ ಇದ್ದರೆ ಮೊದಲು ಎಲ್ಲಿಗೆ ಹೋಗುತ್ತೀರಿ?

ಕ್ಲೇರ್ ಕೌಂಟಿಯ ಬಿಡಿ ಅರ್ಲಿ ಅಂಥವಳು. 1874ರಲ್ಲಿ ತೀರಿಕೊಂಡಳು. ಅವಳ ಹತ್ತಿರ ಒಂದು ನೀಲಿ ಬಾಟಲಿ ಇತ್ತು, ಅದರೊಳಗೆ ನೋಡಿ ಎಲ್ಲ ಹೇಳುತ್ತಿದ್ದಳು ಅಂತ ಕಥೆ. ಪಾದ್ರಿಗಳಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. 1865ರಲ್ಲಿ ಹಳೆಯ ಮಾಟದ ಕಾಯ್ದೆಯಡಿ ಕೋರ್ಟಿಗೂ ಎಳೆದರಂತೆ, ಸಾಕ್ಷಿ ಹೇಳಲು ಊರವರು ಯಾರೂ ಒಪ್ಪದೆ ಕೇಸು ಬಿದ್ದುಹೋಯಿತು ಅನ್ನುತ್ತಾರೆ.

ಆದರೆ ಇದರ ಇನ್ನೊಂದು ಮುಖವನ್ನು ಮುಚ್ಚಿಟ್ಟು ಬರೆದರೆ ಮೋಸ. 1895ರ ಮಾರ್ಚ್. ಟಿಪರೇರಿ ಕೌಂಟಿಯ ಬಾಲಿವ್ಯಾಡ್ಲಿ. ಬ್ರಿಜೆಟ್ ಕ್ಲಿಯರಿ, 26 ವರ್ಷದ ಹೆಂಗಸು, ಬಟ್ಟೆ ಹೊಲಿದು ಮೊಟ್ಟೆ ಮಾರಿ ತಾನೇ ಸಂಪಾದಿಸುತ್ತಿದ್ದವಳು, ಶೀತ ಹಿಡಿದು ಮಲಗಿದಳು. ಡಾಕ್ಟರು ಬರುವುದು ತಡವಾಯಿತು. ಇವಳು ನನ್ನ ಹೆಂಡತಿಯೇ ಅಲ್ಲ, ಅವಳನ್ನು ಯಕ್ಷಿಣಿಯರು ಒಯ್ದು ಇದನ್ನು ಬಿಟ್ಟು ಹೋಗಿದ್ದಾರೆ ಅನ್ನುವುದು ಗಂಡ ಮೈಕೇಲನ ತಲೆ ಹೊಕ್ಕಿತು. ನಾಟಿ ವೈದ್ಯನಿಂದ ತಂದ ಸೊಪ್ಪನ್ನು ಹಾಲಲ್ಲಿ ಕುದಿಸಿ, ನೆಂಟರೆಲ್ಲ ಕೈಕಾಲು ಹಿಡಿದುಕೊಂಡು, ಬಾಯಿಗೆ ತುರುಕಿದರು. ಮಾರ್ಚ್ 15ರ ರಾತ್ರಿ ಗಂಡ ಅವಳನ್ನು ಸುಟ್ಟ. ಅವನಿಗೆ 20 ವರ್ಷ ಶಿಕ್ಷೆಯಾಯಿತು, 15 ವರ್ಷ ಜೈಲಿನಲ್ಲಿದ್ದ. ಅವಳನ್ನು ಕೊಂದ ವಿಷ ಸೊಪ್ಪಿನಲ್ಲಿ ಇರಲಿಲ್ಲ. ಮದ್ದಿನ ಜೊತೆ ಬಂದ ಕಥೆಯಲ್ಲಿ ಇತ್ತು.

ಮತ್ತೆ ನಾಯಿಕೆಮ್ಮಿಗೆ ಬರುತ್ತೇನೆ, ಶುರು ಮಾಡಿದ್ದು ಅಲ್ಲಿಂದಲೇ ಅಲ್ವಾ. ಹಲವು ವಾರ, ಕೆಲವೊಮ್ಮೆ ಮೂರು ತಿಂಗಳು ಕಾಡುವ ಕೆಮ್ಮು ಅದು. ದೊಡ್ಡ ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ, ಎಳೆ ಕೂಸುಗಳನ್ನು ಕೊಲ್ಲುತ್ತದೆ. ಬಿಳಿ ಕುದುರೆಯವನು ಹೇಳಿದ ಮೇಕೆ ಹಾಲಿನಿಂದ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಲಸಿಕೆ ಬಂದ ಮೇಲೆ ಕತ್ತೆಯ ಹೊಟ್ಟೆಯಡಿ ಮಕ್ಕಳನ್ನು ದಾಟಿಸುವುದು ನಿಂತಿತು, ಯಾರೂ ಬೈದು ನಿಲ್ಲಿಸಲಿಲ್ಲ. ಕ್ಷಯಕ್ಕೆ ಮಲ್ಲಿನ್ ಎಲೆಯನ್ನು ಹಾಲಲ್ಲಿ ಕುದಿಸಿ ಕೊಡುವುದೂ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಹಾಗೆಯೇ ಮರೆಯಾಯಿತು. ಗಮನಿಸಿ ನೋಡಿದರೆ ಇವತ್ತಿಗೂ ಉಳಿದಿರುವ ಕ್ಯೂರ್‌ಗಳು ಹೆಚ್ಚಾಗಿ ಸರ್ಪಸುತ್ತು, ನರೂಲಿ, ಹುಳುಕಡ್ಡಿ, ಉಳುಕು, ಸುಟ್ಟ ಗಾಯದ್ದು. ಒಂದೋ ತಾನಾಗಿ ವಾಸಿಯಾಗುವ ಕಾಯಿಲೆ, ಇಲ್ಲವೇ ಆಸ್ಪತ್ರೆಯವರು "ಸ್ವಲ್ಪ ದಿನ ಆಗುತ್ತೆ, ತಡ್ಕೊಳ್ಳಿ" ಅನ್ನುವ ನೋವು.

ಐರ್ಲೆಂಡಿನ ಹಳ್ಳಿಗಳಲ್ಲಿ ಈಗಲೂ ಜನ ಎರಡೂ ಮಾಡುತ್ತಾರೆ. ಬೆಳಿಗ್ಗೆ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು, ಸಂಜೆ ಕ್ಯೂರ್ ಇದ್ದವರ ಮನೆಗೆ. ಬೋರ್ಡು ಇರುವುದಿಲ್ಲ, ಜಾಹೀರಾತು ಇಲ್ಲ, ಅಕ್ಕಪಕ್ಕದವರನ್ನು ಕೇಳಿದರೆ ದಾರಿ ಹೇಳುತ್ತಾರೆ. ಕರುಗಳಿಗೆ ಹುಳುಕಡ್ಡಿ ಹಬ್ಬಿದರೆ ರೈತರೂ ಹೋಗುತ್ತಾರೆ, ಕರುವಿಗೆ ಸಮಾಧಾನ ಹೇಳಿ ನಂಬಿಸಲು ಆಗುವುದಿಲ್ಲವಲ್ಲ ಅಂತ ಅವರ ವಾದ. (ಆ ಹುಳುಕಡ್ಡಿಯೂ ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ ಅನ್ನುವುದು ನನ್ನ ವಾದ.) ಅಡುಗೆಮನೆಯಲ್ಲಿ ಕೂರಿಸಿ, ಹೆಸರು ಕೇಳಿ, ಎಲ್ಲಿ ನೋವು, ಎಷ್ಟು ದಿನವಾಯಿತು, ನಿದ್ದೆ ಬರುತ್ತಾ ಅಂತ ವಿಚಾರಿಸಿ, ಕೈ ಇಟ್ಟು ಮೆಲ್ಲಗೆ ಏನೋ ಹೇಳಿ ಶಿಲುಬೆ ಗುರುತು ಮಾಡುತ್ತಾರೆ. ಟೀ ಕೊಡುತ್ತಾರೆ. ಗುರುವಾರ ಬನ್ನಿ ಅನ್ನುತ್ತಾರೆ. ಬಾಗಿಲ ಹತ್ತಿರ ಬಂದಾಗ ಥ್ಯಾಂಕ್ಸ್ ಅನ್ನುವ ಮಾತು ತುಟಿಯವರೆಗೂ ಬಂದಿರುತ್ತದೆ. ನುಂಗಿಕೊಂಡು, ಮಳೆಯ ಬಗ್ಗೆ ಒಂದು ಮಾತಾಡಿ, ಹೊರಡಬೇಕು.